ಚಿಗುಸಾ ಮೂಗು ಮುಚ್ಚಿಕೊಂಡ ಕಾರು

ಪೆಟ್ರೋಲ್ ವಾಸನೆಗೆ ಯಾರಾದರೂ ಕೈ ಮುಗಿಯುತ್ತಾರೆಯೇ ಎಂದು ಕೇಳಿದರೆ, ನಾನೊಬ್ಬಳು ಮುಗಿದಿದ್ದೇನೆ. ಅದೂ ರಸ್ತೆ ಬದಿಯಲ್ಲಿ ಮಂಡಿಯೂರಿ, ಕಾರಿನ ಹಿಂದಿನ ಸೀಟಿನ ಜಾಗದಲ್ಲಿ ತಲೆ ತೂರಿಸಿಕೊಂಡು. ಹೋಗಿ ಬರುವವರು ಈ ಹೆಂಗಸಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಆಗಿತ್ತು ಕೂಡ.

ಕಾರು ನನ್ನ ಗಂಡ ಕುನಿಹಾರು ಅವರದು. ಅವರಿಗೆ ಬಂದರಿನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ. ಉಳಿದ ಹೊತ್ತೆಲ್ಲ ಕಾರಿನ ಕೆಳಗೆ. ಎರಡು ಬಾಗಿಲಿನ ಹಳೆಯ ಕಾರು, ಅವರ ಮೊದಲ ಹೆಂಡತಿ ಬದುಕಿದ್ದ ಕಾಲದಿಂದಲೂ ಇದೆ. ಹೊಸದಾಗಿದ್ದಾಗ ಅದರಲ್ಲಿ ಏನೇನಿತ್ತೋ ಅದರಲ್ಲಿ ಅರ್ಧ ಈಗಿಲ್ಲ, ಇರದಿದ್ದದ್ದು ಬೇಕಾದಷ್ಟಿದೆ. ಹಗುರವಾದಷ್ಟೂ ಓಡುತ್ತದೆ ಎಂಬ ಹುಚ್ಚಿನಲ್ಲಿ ಹಿಂದಿನ ಸೀಟು, ನೆಲದ ಹಾಸು, ಸ್ಟೆಪ್ನಿ ಎಲ್ಲ ಕಿತ್ತು ಹಾಕಿದ್ದರು. ಬದಲಿಗೆ ಬಂದದ್ದು ಊರನ್ನೇ ಎಬ್ಬಿಸುವ ಸೈಲೆನ್ಸರ್, ಸೊಳ್ಳೆಯ ಹಾಗೆ ಒಂದೇ ಸಮ ಗುಂಯ್‌ಗುಡುವ ಪಂಪು, ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವಂಥದ್ದು. ಎರಡು ವರ್ಷಕ್ಕೊಮ್ಮೆ ಸರಕಾರಿ ತಪಾಸಣೆ ಬಂದಾಗ ಮಾತ್ರ ಹಳೆಯ ಸಾಮಾನುಗಳನ್ನು ಶೆಡ್ಡಿನಿಂದ ತೆಗೆದು ಜೋಡಿಸಿ, ಕಾರು ಸಂಭಾವಿತನಂತೆ ಕಾಣುವ ಹಾಗೆ ಮಾಡುತ್ತಾರೆ. ತಪಾಸಣೆ ಮುಗಿದ ಮೇಲೆ ಮತ್ತೆ ಎಲ್ಲ ಬಿಚ್ಚುತ್ತಾರೆ. ಈ ಜಾತಿಯ ಗಂಡಸರಿಗೆಲ್ಲ ಇದೊಂದು ವ್ರತ.

ಚಿಗುಸಾ ಅವರ ಮಗಳು. ನಾನು ಈ ಮನೆಗೆ ಬರುವ ಹೊತ್ತಿಗೆ ಅವಳು ಬೆಳೆದು, ಸೆಂದೈ ನಗರಕ್ಕೆ ಓದಲು ಹೋಗಿಯಾಗಿತ್ತು. ಆಮೇಲೆ ಅಲ್ಲಿಯೇ ಕೆಲಸ, ಅಲ್ಲಿಯೇ ಮದುವೆ. ನನ್ನನ್ನು ಅಮ್ಮ ಎಂದಲ್ಲ, ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ಶಿನೊ-ಸಾನ್ ಎಂದು ಕರೆಯುತ್ತಾಳೆ. ಎಂದೂ ಒಂದು ಒರಟು ಮಾತಾಡಿದವಳಲ್ಲ. ಬರುವಾಗ ಸಿಹಿಯ ಡಬ್ಬಿ ತರುತ್ತಾಳೆ, ಉಂಡ ತಟ್ಟೆ ತೊಳೆದಿಡುತ್ತಾಳೆ, ಹೋಗುವಾಗ ತೊಂದರೆ ಕೊಟ್ಟೆ ಎಂದು ತಲೆ ಬಾಗುತ್ತಾಳೆ. ಇಷ್ಟೊಂದು ಮರ್ಯಾದೆಯ ಮುಂದೆ ನಾನು ಏನು ಮಾಡಲಿ? ಜಗಳವಾಡಿದ್ದರೆ ಎಷ್ಟೋ ಸುಲಭವಿತ್ತು.

ಅವಳು ಬಸುರಿ ಎಂದು ತಿಳಿದಾಗ, ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೆಂದು ನಾನು ಯಾರನ್ನೂ ಕೇಳದೆ ನಿರ್ಧರಿಸಿಬಿಟ್ಟೆ. ನಮ್ಮಲ್ಲಿ ಹಾಗೆಯೇ ತಾನೆ, ಕೊನೆಯ ಎರಡು ತಿಂಗಳಿಗೆ ಬಂದು, ಕೂಸಿಗೆ ಒಂದು ತಿಂಗಳು ತುಂಬಿದ ಮೇಲೆ ಹೋಗುವುದು. ನನಗಂತೂ ಮಕ್ಕಳಿಲ್ಲ. ಮೇಲಿನ ಕೋಣೆಗೆ ಹೊಸ ಹಾಸು ಹಾಕಿಸಿದೆ. ಹೇಳಿಕೊಳ್ಳಲು ನಾಚಿಕೆ, ಪುಟ್ಟ ಕಾಲುಚೀಲಗಳನ್ನೂ ಹೆಣೆದಿಟ್ಟೆ.

ಮೇ ತಿಂಗಳ ರಜೆಗೆ ಚಿಗುಸಾ ಬಂದಳು. ಕುನಿಹಾರು ಕಾರಿನಲ್ಲಿ ಸ್ಟೇಷನ್ನಿಗೆ ಹೋಗಿ ಕರೆತಂದರು. ತಪಾಸಣೆ ಹತ್ತಿರ ಬಂದಿದೆಯೆಂದೇ ಇರಬೇಕು, ಏಪ್ರಿಲ್‌ನಲ್ಲೇ ಹಳೆಯ ಸೈಲೆನ್ಸರ್, ಹಿಂದಿನ ಸೀಟು ಹಾಕಿದ್ದರು, ಮಗಳನ್ನು ಅಲ್ಲಿ ಕೂರಿಸಿಕೊಂಡು ಬಂದರು. ಇಳಿದವಳ ಮುಖ ಸುಣ್ಣದ ಹಾಗಿತ್ತು, ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ನೇರ ಬಚ್ಚಲಿಗೆ ಓಡಿದಳು. ಆಮೇಲೆ ಬಂದು ನಾನು ಕೊಟ್ಟ ಗಂಜಿ ಕುಡಿದು, "ತುಂಬಾ ಚೆನ್ನಾಗಿದೆ, ಶಿನೊ-ಸಾನ್, ನಿಮಗೆ ತೊಂದರೆ ಕೊಟ್ಟೆ" ಎಂದಳು. ಏನಾಯಿತೆಂದು ಹೇಳಲಿಲ್ಲ. ಹೋಗುವಾಗ ಸ್ಟೇಷನ್ನಿಗೆ ಬಸ್ಸು ಹಿಡಿದಳು.

ಜೂನ್ ಮೊದಲಲ್ಲಿ ಅವಳ ಫೋನು ಬಂತು. ಅಪ್ಪ ಮಗಳು ಮಾತಾಡಿದ್ದು ಅಂಗಳದಲ್ಲಿ. ಒಳಗೆ ಬಂದಾಗ ಕುನಿಹಾರು ಮುಖ ಇಷ್ಟುದ್ದ ಮಾಡಿಕೊಂಡಿದ್ದರು.

"ಬರಲ್ವಂತೆ" ಎಂದರು.

"ಯಾಕಂತೆ?"

"ಕಾರು ವಾಸನೆಯಂತೆ."

"ಅಷ್ಟೇನಾ?"

"ಅಷ್ಟೇ."

ಇದಕ್ಕಿಂತ ಒಂದು ಮಾತು ಹೆಚ್ಚು ಹೊರಡಲಿಲ್ಲ. ಮಗಳಿಗೇ ಮತ್ತೆ ಫೋನ್ ಮಾಡಿ ಕೇಳಿ ಎಂದರೆ, ಕೇಳಿಯಾಯಿತಲ್ಲ ಎಂದು ಎದ್ದು ಶೆಡ್ಡಿಗೆ ಹೋದರು.

ಆಸ್ಪತ್ರೆ ನಮ್ಮೂರಿನಿಂದ ಮುಕ್ಕಾಲು ಗಂಟೆ ದಾರಿ, ಎಲ್ಲ ತಿರುವು. ನನ್ನದೊಂದು ಪುಟ್ಟ ಲಾರಿಯಿದೆ, ಸಮುದ್ರಪಾಚಿಯ ಬುಟ್ಟಿಗಳನ್ನು ಹೊರುವಂಥದ್ದು. ಅದರಲ್ಲಿ ತುಂಬಿದ ಬಸುರಿಯನ್ನು ಕೂರಿಸಿದರೆ ಎರಡನೇ ತಿರುವಿನಲ್ಲೇ ಹೆರಿಗೆಯಾಗುತ್ತದೆ. ಹಾಗಾಗಿ ಎಲ್ಲ ಆ ಕಾರಿನ ಮೇಲೆ ನಿಂತಿತ್ತು. ವಾಸನೆ ಹೋಗಬೇಕು, ಚಿಗುಸಾ ಬರಬೇಕು.

ಕುನಿಹಾರು ಅವರಿಗೆ ವಾಸನೆಯೇ ಬರುವುದಿಲ್ಲ. ಪೆಟ್ರೋಲಿನಲ್ಲಿ ನೆನೆದ ಮೂಗು ಅದು, ಮೀನು ಕೊಳೆತರೂ ನಾನೇ ಹೇಳಬೇಕು. ನಾನು ಕಾರಿನೊಳಗೆ ಕೂತು ಮೂಸಿದೆ. ಬಂತು, ಚೆನ್ನಾಗಿಯೇ ಬಂತು. ಎಲ್ಲಿಂದ ಎಂದು ಮಾತ್ರ ಹೇಳಲಾಗದು. ಅವರ ಕೆಲಸದ ಕೋಟನ್ನು ಒಗೆದೆ, ಡಿಕ್ಕಿಯಲ್ಲಿದ್ದ ಚಿಂದಿ ಬಟ್ಟೆಗಳನ್ನೆಲ್ಲ ಎಸೆದೆ. ಅಂಗಡಿಯಿಂದ ನಿಂಬೆಹಣ್ಣಿನ ಸುವಾಸನೆಯ ಡಬ್ಬಿ ತಂದು ಕನ್ನಡಿಗೆ ತೂಗುಹಾಕಿದೆ. ಮಾರನೆಯ ದಿನ ಬಾಗಿಲು ತೆರೆದರೆ ನಿಂಬೆಹಣ್ಣಿಗೆ ಪೆಟ್ರೋಲ್ ಒಗ್ಗರಣೆ ಹಾಕಿದಂತಿತ್ತು.

"ಇದನ್ನ ಮೊದಲು ತೆಗಿ" ಎಂದರು ಕುನಿಹಾರು. "ನಂಗೇ ತಲೆನೋವು ಬರ್ತಿದೆ."

"ಅಬ್ಬ, ಮೂಗಿಗೆ ಜೀವ ಇದೆ ಹಾಗಾದ್ರೆ."

ಕೊನೆಗೆ ಕಾರನ್ನು ಸುದೊ ಹತ್ತಿರ ತೆಗೆದುಕೊಂಡು ಹೋದರು. ಸುದೊ ಇವರ ಹಳೆಯ ಗೆಳೆಯ, ಘಟ್ಟದ ಆಚೆ ಗ್ಯಾರೇಜು ಇಟ್ಟಿದ್ದಾನೆ. ಈ ಕಾರನ್ನು ಹಾಳು ಮಾಡಿದ್ದರಲ್ಲಿ ಅರ್ಧ ಪಾಲು ಅವನದು. ಬಾನೆಟ್ ಎತ್ತಿದ, ಕಾರನ್ನು ಮೇಲೇರಿಸಿ ಪೈಪುಗಳನ್ನೆಲ್ಲ ಒರೆಸಿ ನೋಡಿದ, ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿನ ತನಕ ಟಾರ್ಚು ಬಿಟ್ಟ. ಎಲ್ಲ ಒಣ. ಒಳಗೆ ಕೂತು ಮೂಸಿದ, ತನ್ನ ಹೆಂಡತಿಯನ್ನೂ ಕೂರಿಸಿ ಮೂಸಿಸಿದ. ಏನೂ ಇಲ್ಲ. ಸಂಜೆ ನನಗೆ ಫೋನ್ ಮಾಡಿದ.

"ಅತ್ತಿಗೆ, ಕಾರು ಸರಿಯಾಗಿದೆ. ನಿಮ್ಮ ಮೂಗು ಒಂದ್ಸಲ ಬಿಚ್ಚಿ ನೋಡೋಣ, ನಿಮ್ಮನ್ನ ಕರ್ಕೊಂಡು ಬರೋಕೆ ಕುನಿಗೆ ಹೇಳಿ."

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದೆ. ವಾಸನೆ ಗುಮ್ಮೆಂದು ಮುಖಕ್ಕೆ ಹೊಡೆಯಿತು.

ಇದೇ ಕಥೆ ಇನ್ನೊಂದು ಸಲವೂ ಆಯಿತು. ಘಟ್ಟ ಹತ್ತಿ ಹೋದರೆ ವಾಸನೆಯಿಲ್ಲ, ಮನೆಗೆ ಬಂದರೆ ಇದೆ. ನಮ್ಮ ಮನೆಯಲ್ಲಿಯೇ ಏನೋ ದೋಷವಿದ್ದ ಹಾಗೆ. ಕುನಿಹಾರು ಮಾತಾಡುವುದನ್ನು ಇನ್ನೂ ಕಡಿಮೆ ಮಾಡಿದರು.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಕಾರಿನ ವಾಸನೆ ಒಂದು ನೆಪವಿರಬಹುದಲ್ಲವೇ? ಅಷ್ಟು ಮರ್ಯಾದಸ್ಥ ಹುಡುಗಿ, 'ಆ ಹೆಂಗಸಿನ ಕೈಯಲ್ಲಿ ಬಾಣಂತನ ಬೇಡ' ಎಂದು ಅಪ್ಪನಿಗೆ ಹೇಗೆ ಹೇಳಿಯಾಳು? ಕಾರಿನ ಮೇಲೆ ಹಾಕಿರಬೇಕು. ಹಾಗೆ ಅನಿಸಿದ ಮೇಲೆ ನನಗೆ ವಾಸನೆ ಹುಡುಕಲು ಹೆದರಿಕೆಯಾಯಿತು. ಸಿಗದಿರುವ ತನಕ ಅವಳು ಬಾರದಿರುವುದು ಕಾರಿನ ತಪ್ಪು. ಅದು ಸಿಕ್ಕಿ, ಸರಿಹೋಗಿ, ಆಮೇಲೂ ಅವಳು ಬಾರದಿದ್ದರೆ? ಆಗ ತಪ್ಪು ಯಾರದೆಂದು ಮನೆಯ ಬೆಕ್ಕಿಗೂ ಗೊತ್ತಾಗುತ್ತದೆ.

ಹಾಗಂತ ಸುಮ್ಮನಿರಲೂ ಆಗಲಿಲ್ಲ. ಜೂನ್ ಅರ್ಧ ಕಳೆದಿತ್ತು. ಮೂರನೆಯ ಸಲ ಹೊರಟಾಗ, "ನಾನೂ ಬರ್ತೀನಿ, ಹಿಂದೆ ಕೂರ್ತೀನಿ" ಎಂದೆ.

"ಅಲ್ಲಿ ಕೂತು ಏನು ಮಾಡ್ತೀಯ?"

"ನಿಮ್ಮ ಮಗಳು ಕೂತಿದ್ದು ಅಲ್ಲೇ ತಾನೆ."

ಊರು ಬಿಡುವಾಗ ವಾಸನೆ ಇತ್ತು. ಘಟ್ಟದ ತುದಿಗೆ ಹೋಗುವಷ್ಟರಲ್ಲಿ ಸಣ್ಣಗಾಯಿತು, ಸುದೊ ಅಂಗಳದಲ್ಲಿ ಇಳಿದಾಗ ನಿಜವಾಗಿಯೂ ಇರಲಿಲ್ಲ. ಸುದೊ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಭೂತ ಸಮುದ್ರದ ಕಡೆಯದು, ಅತ್ತಿಗೆ, ಘಟ್ಟ ಹತ್ತಲ್ಲ" ಎಂದ. ಅವನ ಹೆಂಡತಿ ಕೊಟ್ಟ ತಣ್ಣನೆಯ ಶ್ಯಾವಿಗೆ ತಿಂದು ಹೊರಟೆವು.

ಘಟ್ಟ ಇಳಿದು ಸಮುದ್ರದ ರಸ್ತೆಗೆ ಸೇರುವಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಕುನಿಹಾರು ಕಾರನ್ನು ತಾನಾಗಿಯೇ ಎಂಬಂತೆ ಅಲ್ಲಿಗೆ ತಿರುಗಿಸಿದರು. ಪೆಟ್ರೋಲ್ ತೋರಿಸುವ ಮುಳ್ಳು ಅರ್ಧಕ್ಕೆ ಬಂದಿತ್ತು, ಅಷ್ಟೇ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಕರಾವಳಿಯಲ್ಲಿ ಮುಳ್ಳು ಅರ್ಧ ದಾಟಿ ಇಳಿಯಲು ಯಾರೂ ಬಿಡುವುದಿಲ್ಲ. ದೊಡ್ಡ ಭೂಕಂಪ, ಸುನಾಮಿ ಬಂದ ಆ ಮಾರ್ಚಿನ ಮೇಲೆ ಬಂದ ಅಭ್ಯಾಸ ಇದು.

ಆ ಮಾರ್ಚಿನಲ್ಲಿ ಚಿಗುಸಾ ಪಕ್ಕದ ಪಟ್ಟಣದ ಶಾಲೆಯಲ್ಲಿದ್ದಳು. ಕುನಿಹಾರು ಅವರ ಕಾರಿನಲ್ಲಿ ಅಲ್ಲಿಗೆ ಮುಟ್ಟುವಷ್ಟು ಪೆಟ್ರೋಲ್ ಇರಲಿಲ್ಲ. ಹಿಮದಲ್ಲಿ ಬಂಕಿನ ಮುಂದೆ ಸಾಲು ನಿಂತರು, ಸರದಿ ಬರುವ ಮೊದಲೇ ಬಂಕು ಬರಿದಾಯಿತು. ನಡೆದು ಹೋದರು. ಮುಟ್ಟಿದಾಗ ಬೇರೆ ಮಕ್ಕಳನ್ನೆಲ್ಲ ಯಾರ್ಯಾರೋ ಬಂದು ಕರೆದೊಯ್ದಿದ್ದರು, ಶಾಲೆಯ ಆಟದ ಹಾಲಿನಲ್ಲಿ ಅವಳೊಬ್ಬಳು ಒಬ್ಬ ಮೇಷ್ಟರ ಜೊತೆ ಕೂತಿದ್ದಳು. ತಾಯಿಯಿಲ್ಲದ ಹುಡುಗಿ, ಅಪ್ಪನೂ ಹೋದರೆಂದುಕೊಂಡಿದ್ದಳು. ಇದನ್ನು ಕುನಿಹಾರು ನನಗೆ ಹೇಳಿದ್ದು ಒಂದೇ ಸಲ, ಅದೂ ಕುಡಿದಾಗ.

ಬಂಕಿನ ಯಜಮಾನಿ ಓಡಿಬಂದಳು. "ಎಂದಿನ ಹಾಗೇನಾ?"

"ಎಂದಿನ ಹಾಗೆ. ಬಾಯಿ ತನಕ."

ಅವಳು ಪಂಪು ತಾನಾಗಿ ನಿಂತ ಮೇಲೂ ಮತ್ತೆ ಮತ್ತೆ ಒತ್ತಿ, ಹಬ್ಬದ ದಿನ ಅತಿಥಿಯ ಬಟ್ಟಲಿಗೆ ಸುರಿದ ಹಾಗೆ, ಬಾಯಿ ತನಕ ತುಂಬಿಸಿದಳು. ತಲೆ ಬಾಗಿ ಕಳಿಸಿಕೊಟ್ಟಳು. ಒಂದು ತಿರುವು ಎಡಕ್ಕೆ, ಒಂದು ಬಲಕ್ಕೆ. ಮೂರನೆಯ ತಿರುವಿನಲ್ಲಿ ನನ್ನ ಬೆನ್ನ ಹಿಂದಿನಿಂದಲೋ ತೊಡೆಯ ಕೆಳಗಿನಿಂದಲೋ ಅದು ಎದ್ದು ಬಂತು.

"ರೀ, ನಿಲ್ಸಿ."

"ವಾಕರಿಕೆನಾ?"

"ನಿಲ್ಸಿ ಅಂದ್ನಲ್ಲ."

ನಿಲ್ಲಿಸಿದರು. ನಾನು ಇಳಿದು ನಿಂತು ಹೇಳಿದೆ. "ಪ್ರತಿ ಸಲ ಸುದೊ ಹತ್ರ ಹೋಗುವಷ್ಟರಲ್ಲಿ ಟ್ಯಾಂಕು ಇಳಿದಿರುತ್ತೆ. ವಾಪಸ್ ಬರೋವಾಗ ಇಲ್ಲಿ ತುಂಬಿಸ್ತೀರಿ. ತುಂಬಿದಾಗ ಮಾತ್ರ ವಾಸನೆ."

ಕುನಿಹಾರು ಸ್ಟಿಯರಿಂಗ್ ಹಿಡಿದುಕೊಂಡೇ ಕೂತರು. ಬೈಗುಳ ಬರುತ್ತದೆ ಎಂದುಕೊಂಡೆ, ಹೆಂಗಸರು ಕಾರಿನ ಬಗ್ಗೆ ಮಾತಾಡಿದರೆ ಅವರಿಗಾಗದು. ಬರಲಿಲ್ಲ. ಎಂಜಿನ್ ಆರಿಸಿ, ಇಳಿದು, ಹಿಂದಿನ ಸೀಟಿನ ಕೆಳಭಾಗವನ್ನು ಎರಡು ಕೈಯಲ್ಲಿ ಎತ್ತಿ ಹೊರಗಿಟ್ಟರು. ನೆಲದಲ್ಲಿ ತಟ್ಟೆಯಗಲದ ಒಂದು ತೂತು. ಅದರೊಳಗೆ ಟ್ಯಾಂಕಿನ ಮುಚ್ಚಳ ಕಾಣುತ್ತಿತ್ತು. ನಾನು ಮಂಡಿಯೂರಿ ತಲೆ ತೂರಿಸಿದೆ. ಮುಚ್ಚಳದ ಸುತ್ತ ಒದ್ದೆಯಾಗಿ ಮಿರಮಿರ ಎನ್ನುತ್ತಿತ್ತು. ಕೈ ಮುಗಿದದ್ದು ಆಗಲೇ.

"ಇದನ್ನ ಯಾರು ಬಿಚ್ಚಿದ್ದು?" ಎಂದು ಕೇಳಿದೆ.

"ನಾನೇ. ಏಪ್ರಿಲ್‌ನಲ್ಲಿ." ರಸ್ತೆ ಬದಿಯ ಕಟ್ಟೆಯ ಮೇಲೆ ಕೂತರು. "ಪಂಪು ಬದಲಾಯಿಸಿದೆ. ಕಾರಿನ ಜೊತೆ ಬಂದಿದ್ದ ಹಳೇದನ್ನ ವಾಪಸ್ ಹಾಕ್ದೆ. ಮುಚ್ಚಳದ ರಬ್ಬರ್ ರಿಂಗು ಊದಿಕೊಂಡಿತ್ತು, ಹೇಗೋ ಒತ್ತಿ ಕೂರಿಸಿದೆ. ಹೊಸದು ಹಾಕ್ಬೇಕಿತ್ತು."

"ತಪಾಸಣೆಗೆ ಪಂಪು ಯಾರು ನೋಡ್ತಾರೆ?"

"ತಪಾಸಣೆ ಮುಂದಿನ ವರ್ಷ."

ನನಗೆ ಅರ್ಥವಾಗಲಿಲ್ಲ. ಅವರು ಸಮುದ್ರ ನೋಡುತ್ತ ಹೇಳಿದರು. "ಆ ಇನ್ನೊಂದು ಪಂಪು ಸೀಟಿನ ಕೆಳಗೇ ಗುಂಯ್ ಅನ್ನುತ್ತೆ. ಅವಳು ಮಲಕ್ಕೊಂಡು ಹೋಗ್ಬೇಕಾದ್ರೆ ಕಿವಿಗೆ ಹೊಡೆಯುತ್ತೆ ಅಂತ. ಬರೋವಾಗ ಕೂಸೂ ಇರುತ್ತಲ್ಲ. ಅದಕ್ಕೇ ಹಳೇ ಸೈಲೆನ್ಸರ್, ಸೀಟು ಎಲ್ಲ ಹಾಕಿದ್ದು. ಹೆರಿಗೆ ನೋವು ಯಾವಾಗ ಬರುತ್ತೋ ಅಂತ ತುಂಬಿಸಿದಾಗೆಲ್ಲ ಬಾಯಿ ತನಕ ತುಂಬಿಸಿಡೋಣ, ಅಭ್ಯಾಸ ಆಗ್ಲಿ ಅಂತ..."

ಮಗಳಿಗಾಗಿ ಮಾಡಿದ್ದೆಲ್ಲ ಸೇರಿ ಮಗಳನ್ನು ಓಡಿಸಿತ್ತು. ಆ ಗಂಡಸಿನ ಮೇಲೆ ನನಗೆ ಅಂದು ಹುಟ್ಟಿದ ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ.

ಪೆಟ್ರೋಲ್ ಸೋರುವ ಕಾರನ್ನು ಓಡಿಸುವುದು ಬೇಡವೆಂದು ಸುದೊಗೆ ಫೋನ್ ಮಾಡಿದೆವು. ಕಾರು ಹೊರುವ ಲಾರಿಯನ್ನು ತಾನೇ ಓಡಿಸಿಕೊಂಡು ಬಂದ. ಮುಚ್ಚಳ ನೋಡಿ ತಲೆ ಚಚ್ಚಿಕೊಂಡ.

"ಲೋ ಕುನಿ, ಇದರ ಮೇಲೊಂದು ತಗಡಿನ ಮುಚ್ಚಳ ಇತ್ತಲ್ಲೋ. ಅದಿದ್ದಿದ್ರೆ ವಾಸನೆ ಒಳಗೆ ಬರ್ತಾನೇ ಇರ್ಲಿಲ್ಲ. ಎಲ್ಲಿ ಅದು?"

"ಬಿಸಾಕಿದ್ದೆ. ಹಗುರ ಮಾಡೋವಾಗ."

"ತಟ್ಟೆಯಗಲದ ತಗಡು. ಅದ್ರಿಂದ ಎಷ್ಟು ಜೋರಾಗಿ ಓಡ್ತಪ್ಪಾ ಕಾರು?"

ಕುನಿಹಾರು ಅವರ ಕಿವಿ ಕೆಂಪಾಯಿತು. ಸುದೊ ನಗುತ್ತ ನನ್ನ ಕಡೆ ತಿರುಗಿದ. "ಚಿಂತೆ ಬೇಡ, ಅತ್ತಿಗೆ. ಇವನು ಬಿಸಾಕಿದ್ದನ್ನೆಲ್ಲ ನಾನು ಆರಿಸಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೀನಿ. ಒಂದಲ್ಲ ಒಂದು ದಿನ ಇವನಿಗೂ ಭಾರ ಬೇಕಾಗುತ್ತೆ ಅಂತ ಗೊತ್ತಿತ್ತು."

ಇಂಥ ಗೆಳೆಯನನ್ನು ಪಡೆಯಲು ನನ್ನ ಗಂಡ ಏನು ಪುಣ್ಯ ಮಾಡಿದ್ದರೋ. ಎರಡೇ ದಿನದಲ್ಲಿ ಹೊಸ ರಬ್ಬರ್ ರಿಂಗು ತರಿಸಿ ಹಾಕಿದ, ತಗಡನ್ನು ತಿಕ್ಕಿ ಬಣ್ಣ ಬಳಿದು ಕೂರಿಸಿದ. ಬಾಯಿ ತನಕ ತುಂಬಿಸಿ ಘಟ್ಟದ ತಿರುವುಗಳಲ್ಲೆಲ್ಲ ಓಡಿಸಿ, ಹೆಂಡತಿಯಿಂದ ಮೂಸಿಸಿ ಕಳಿಸಿಕೊಟ್ಟ. ಕೂಲಿ ಎಂದರೆ ಉಪ್ಪು ಹಾಕಿದ ಸಮುದ್ರಪಾಚಿ ಸಾಕು ಎಂದ. ಕಾರು ಮನೆಗೆ ಬಂದ ಬೆಳಿಗ್ಗೆ ನಾನು ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಮಲಗಿ, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ಉಸಿರೆಳೆದೆ. ಹಳೆಯ ಬಟ್ಟೆಯ ವಾಸನೆ, ಬಿಸಿಲಿನ ವಾಸನೆ. ಬೇರೆ ಏನೂ ಇರಲಿಲ್ಲ.

ಈಗ ನೆಪ ಮುಗಿದಿತ್ತು.

"ಫೋನ್ ಮಾಡಿ ಮಗಳಿಗೆ" ಎಂದೆ.

"ನೀನೇ ಮಾಡು" ಎಂದು ಕುನಿಹಾರು ಅಂಗಳಕ್ಕೆ ನುಸುಳಿದರು, ಕಾರಿನ ಗಾಜು ಒರೆಸುವ ನಾಟಕಕ್ಕೆ. ಅವರಿಗೂ ನನ್ನಷ್ಟೇ ಹೆದರಿಕೆ ಎಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ನಾನು ಮಾಡಿದೆ. ಚಿಗುಸಾ ಎತ್ತಿದಳು. ಎಲ್ಲ ಒಂದೇ ಉಸಿರಿಗೆ ಹೇಳಿದೆ: ರಿಂಗು, ಮುಚ್ಚಳ, ಪಂಪು, ಯಾಕೆ ಪಂಪು ಬದಲಾಯಿಸಿದರು, ಯಾಕೆ ಬಾಯಿ ತನಕ ತುಂಬಿಸಿದರು. ಕೊನೆಗೆ ನನ್ನ ಧ್ವನಿಯೇ ನನಗೆ ಸಣ್ಣಗೆ ಕೇಳಿಸಿತು. "ಹಾಗಾಗಿ ಈಗ ವಾಸನೆ ಇಲ್ಲ. ಆದರೂ ಬರೋದು ಬೇಡ ಅನ್ಸಿದ್ರೆ, ನಮಗೇನೂ ಬೇಜಾರಿಲ್ಲ."

"ಶಿನೊ-ಸಾನ್, ನಾನು ಬರಲ್ಲ ಅಂತ ಯಾರು ಹೇಳಿದ್ದು?"

"ನಿಮ್ಮಪ್ಪ."

"ನಾನು ಹೇಳಿದ್ದು ಕಾರಲ್ಲಿ ಕೂರಲ್ಲ ಅಂತ. ನಮ್ಮೂರ ಕಡೆ ಆಸ್ಪತ್ರೇಲಿ ಮಂಚ ಮಾರ್ಚ್‌ನಲ್ಲೇ ಹೇಳಿಟ್ಟಿದ್ದೀನಿ. ಹೆರಿಗೆ ನೋವು ಬಂದಾಗ ಕರೆಯೋಕೆ ಅಂತಾನೇ ಇರೋ ಟ್ಯಾಕ್ಸಿಗೂ ಅಲ್ಲೇ ಹೆಸರು ಬರೆಸಿದ್ದೀನಿ. ಅಪ್ಪಂಗೆ ಕಾರು ಬೇಡ ಅಂದ್ರೆ ಅಪ್ಪನೇ ಬೇಡ ಅಂದ ಹಾಗೆ ಕೇಳ್ಸುತ್ತೆ, ಏನು ಮಾಡೋದು. ಟಿಕೆಟ್ ತಗೊಂಡು ಆಮೇಲೆ ನಿಮಗೆ ಹೇಳೋಣ ಅಂತಿದ್ದೆ."

ಅಡುಗೆಮನೆಯ ನೆಲದ ಮೇಲೆ ಹಾಗೆಯೇ ಕೂತೆ. ಕೂತ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ. "ನನ್ನ ಹತ್ರ ಇರೋದಕ್ಕೆ ನಿಂಗೆ ಇಷ್ಟ ಇಲ್ವೇನೋ ಅಂದ್ಕೊಂಡಿದ್ದೆ" ಎಂದುಬಿಟ್ಟೆ.

ಚಿಗುಸಾ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

"ಹೊಸ ವರ್ಷಕ್ಕೆ ಬಂದಿದ್ದೆನಲ್ಲ. ಬೆಳಿಗ್ಗೆ ಅಪ್ಪಂಗೆ ಕಾರ್ಖಾನೆಗೆ ಹೋಗ್ಬೇಕಿತ್ತು. ನಾನು ಆಗಲೇ ಎಚ್ಚರ ಆಗಿ ಕಿಟಕಿಯಿಂದ ನೋಡ್ತಿದ್ದೆ. ಆ ಸೈಲೆನ್ಸರ್ ಸದ್ದಿಗೆ ನನಗೆ ಎಚ್ಚರ ಆಗ್ಬಾರ್ದು ಅಂತ ನೀವಿಬ್ರೂ ಎಂಜಿನ್ ಹಾಕದೆ ಹಿಮದಲ್ಲಿ ಕಾರು ತಳ್ಳಿಕೊಂಡು ಹೋಗ್ತಿದ್ರಿ, ಇಳಿಜಾರಿನ ತನಕ. ನೀವು ಜಾರಿ ಬಿದ್ರಿ. ಬಿದ್ದಲ್ಲೇ ಕೂತು ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನಗ್ತಿದ್ರಿ, ನನಗೆ ಕೇಳಿಸಬಾರದು ಅಂತ. ಆಮೇಲೆ ಎದ್ದು ಮತ್ತೆ ತಳ್ಳಿದ್ರಿ. ನಾನು ವಾಪಸ್ ಹೋಗಿ ಹಾಸಿಗೇಲಿ ಮಲಗಿದೆ, ಮಧ್ಯಾಹ್ನದ ತನಕ ನಿದ್ದೆ ಮಾಡಿದೆ. ನಮ್ಮತ್ತೆ ಒಳ್ಳೆಯವರು, ಆದ್ರೆ ಅಲ್ಲಿ ನನಗೆ ಹಾಗೆ ನಿದ್ದೆ ಬರಲ್ಲ. ಆ ಸಲ ಸೆಂದೈಗೆ ವಾಪಸ್ ಹೋದ ದಿನವೇ ಅವರಿಗೆ ಹೇಳಿದೆ, ಹೆರಿಗೆಗೆ ನಮ್ಮ ಮನೆಗೆ ಹೋಗ್ತೀನಿ ಅಂತ."

ಯಾವ ದೇವರಿಗೆ, ಯಾವ ಹಿಮಕ್ಕೆ ಕೃತಜ್ಞತೆ ಹೇಳಬೇಕೋ ತಿಳಿಯಲಿಲ್ಲ. ಫೋನ್ ಇಟ್ಟು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕುನಿಹಾರು ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಏನಂತೆ?"

"ಒಳ್ಳೆ ಬಿಸಿಲಿದೆ" ಎಂದೆ. "ಮೇಲಿನ ಕೋಣೆ ಹಾಸಿಗೆ ತಂದು ಒಣಗ ಹಾಕಿ."